ನಮ್ಮ ದ್ವೀಪಯಾತ್ರೆ

ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ನಾವು ಹುಡುಗರಿಗೆ ಸಂಸ್ಕೃತ ಪಾಠ ಹೇಳಿದೆವು. ಅಮರಕೋಶದ ವಾರಿವರ್ಗ ಬಂದಿತೆಂದರೆ ನಮ್ಮ ಕಂಠಕ್ಕೆ ಒಂದು ಬಗೆಯ ಗಾಂಭೀರ್ಯ ತಾನಾಗಿ ಒದಗುತ್ತಿತ್ತು. ಸಮುದ್ರಕ್ಕೆ ಇರುವ ಹೆಸರುಗಳೆಷ್ಟು, ಹಡಗಿಗೆ ಇರುವ ಹೆಸರುಗಳೆಷ್ಟು! ಹುಟ್ಟಿಗೆ ‘ಕ್ಷೇಪಣೀ’, ಚುಕ್ಕಾಣಿಗೆ ‘ಅರಿತ್ರ’, ಅದನ್ನು ಹಿಡಿದವನು ‘ಕರ್ಣಧಾರ’, ಹಾಯಿಯ ಕಂಬ ‘ಗುಣವೃಕ್ಷಕ’. ಗುಣವೆಂದರೆ ಇಲ್ಲಿ ಹಗ್ಗ. ಹಗ್ಗಗಳನ್ನು ಕಟ್ಟುವ ಮರವಾದುದರಿಂದ ಗುಣವೃಕ್ಷಕವೆಂದು ನಾವು ಬಿಡಿಸಿ ಹೇಳುತ್ತಿದ್ದೆವು. ಹೀಗೆ ಒಂದು ದಿನ ಹೇಳುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತು, “ಸಾರ್, ನೀವು ಹಡಗಿನಲ್ಲಿ ಹೋಗಿದ್ದೀರಾ?” ಎಂದು ಕೇಳಿದನು. ಅದು ತುಂಟತನದ ಪ್ರಶ್ನೆಯಾಗಿರಲಿಲ್ಲ. ಹುಡುಗನಿಗೆ ನಿಜವಾಗಿ ತಿಳಿಯಬೇಕಾಗಿತ್ತು. “ಕೂತುಕೋ, ಪಾಠದಲ್ಲಿ ಗಮನವಿರಲಿ” ಎಂದು ನಾವು ಗದರಿಸಿದೆವು. ಉತ್ತರವಿಲ್ಲದ ಉಪಾಧ್ಯಾಯನ ಉತ್ತರವು ಸಾಮಾನ್ಯವಾಗಿ ಇದೇ.

ನಮ್ಮ ತಪ್ಪೆಂದು ಹೇಳುವಂತಿಲ್ಲ. ಬೆಂಗಳೂರು ಸಮುದ್ರವಿಲ್ಲದ ಊರು. ಹೇಳಿಕೊಳ್ಳುವಂತಹ ಹೊಳೆಯೂ ಇಲ್ಲದ ಊರು. ಇಲ್ಲಿಯ ಹಿರಿಯರು ಕೆರೆಗಳನ್ನು ಕಟ್ಟಿ ಅವುಗಳಿಗೆ ಅಂಬುಧಿಯೆಂದು ಹೆಸರಿಟ್ಟು ತೃಪ್ತಿಪಟ್ಟರು. ಬಸವನಗುಡಿಯ ಮಗ್ಗುಲಿಗೆ ಕೆಂಪಾಂಬುಧಿ. ಪೇಟೆಯ ಪಡುವಣಕ್ಕೆ ಧರ್ಮಾಂಬುಧಿ. ಈ ಎರಡನೆಯ ಅಂಬುಧಿಯು ಬತ್ತಿ ಈಗ ಮೆಜೆಸ್ಟಿಕ್ಕಿನ ಬಸ್ಸು ನಿಲ್ದಾಣವಾಗಿದೆ. ಇದಲ್ಲದೆ ನಮ್ಮ ಮನೆತನಕ್ಕೆ ಶಾಸ್ತ್ರದ ಹೆದರಿಕೆಯೂ ಇತ್ತು. ಬೌಧಾಯನನು ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕರ್ಮಗಳಲ್ಲಿ ಎಣಿಸಿದ್ದಾನೆ; ಕಡಲನ್ನು ದಾಟಿದವನನ್ನು ಶ್ರಾದ್ಧಕ್ಕೆ ಕರೆಯಬಾರದೆಂದು ಮನು ಹೇಳಿದ್ದಾನೆ. ನಮ್ಮ ತಾತನವರು ಇವೆರಡನ್ನೂ ಊಟದ ಎಲೆಯ ಮುಂದೆ ಹೇಳುತ್ತಿದ್ದರು. ಅದೇ ಮನುವು ಹಡಗಿನ ಸಾಲಕ್ಕೆ ಬಡ್ಡಿಯೆಷ್ಟೆಂಬುದನ್ನು ಸಮುದ್ರಯಾನದಲ್ಲಿ ಕುಶಲರಾದವರೇ ಗೊತ್ತುಮಾಡಲಿ ಎಂದೂ ಹೇಳಿದ್ದಾನೆಂಬುದನ್ನು ಅವರು ಹೇಳುತ್ತಿರಲಿಲ್ಲ. ಶಾಸ್ತ್ರವು ಬೇಡವೆಂದರೂ ಜನರು ಹೋಗುತ್ತಲೇ ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಿವೃತ್ತರಾದ ಮೇಲೆ ನಮಗೆ ದೊರೆತ ಸಂಪತ್ತೆಂದರೆ ಕೃಷ್ಣರಾವ್ ಉದ್ಯಾನದ ಒಂದು ಕಲ್ಲುಬೆಂಚು ಮತ್ತು ಅದರ ಮೇಲೆ ಕೂಡುವ ನಾಲ್ವರು ಮಿತ್ರರು. ಒಬ್ಬರು ವೈದ್ಯರು, ಒಬ್ಬರು ಚಾಮರಾಜಪೇಟೆಯಲ್ಲಿ ಮುದ್ರಣಾಲಯ ನಡೆಸಿದವರು, ಒಬ್ಬರು ಬ್ಯಾಂಕಿನವರು, ಮತ್ತೊಬ್ಬರು ಮಲ್ಲೇಶ್ವರದಿಂದ ಎರಡು ಬಸ್ಸು ಹಿಡಿದು ಬರುವ ನಿವೃತ್ತ ಪೋಸ್ಟ್‌ಮಾಸ್ಟರರು. ಹುಡುಗನ ಪ್ರಶ್ನೆಯನ್ನು ಒಮ್ಮೆ ನಾವು ಇವರ ಮುಂದೆ ಆಡಿದೆವು. ವೈದ್ಯರು ಕೂಡಲೇ, “ಹಾಗಾದರೆ ಹೋಗಿಯೇ ಬಿಡೋಣ. ಕರಾವಳಿಯಲ್ಲಿ ದ್ವೀಪಗಳಿವೆ, ದೋಣಿಗಳಿವೆ. ಈಗಿನ ಹುಡುಗರಂತೆ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟರಾಯಿತು” ಎಂದರು. ಸಿಕ್ಕಿದ ಬಸ್ಸು, ಸಿಕ್ಕಿದ ತಂಗುಮನೆ, ಸಿಕ್ಕಿದ ಊಟ. ಚೀಲದ ತೂಕ ಐದು ಸೇರು ಮೀರಬಾರದು ಎಂದು ನಿಯಮವಾಯಿತು. ಬ್ಯಾಂಕಿನವರ ಚೀಲದಲ್ಲಿ ಚಟ್ನಿಪುಡಿಯ ಡಬ್ಬಿಯೊಂದೇ ಎರಡು ಸೇರು ತೂಗಿದುದು ಆಮೇಲೆ ತಿಳಿಯಿತು. ನಮ್ಮ ಚೀಲವು ಮಗನದು. ಅದರ ಲೆಕ್ಕವಿಲ್ಲದ ಜೇಬುಗಳಲ್ಲಿ ಕನ್ನಡಕವನ್ನು ಯಾವುದರಲ್ಲಿ ಇಟ್ಟೆವೆಂಬುದನ್ನು ಹುಡುಕುವುದರಲ್ಲಿಯೇ ನಮ್ಮ ಅರ್ಧ ಯಾತ್ರೆ ಕಳೆಯಿತು. ನಮ್ಮ ಮನೆಯಾಕೆ ಮಾತ್ರ, “ಸಮುದ್ರವನ್ನು ದಡದಲ್ಲಿ ನಿಂತು ನೋಡಿದರೂ ಅಷ್ಟೇ ದೊಡ್ಡದು” ಎಂದು ಒಂದೇ ಮಾತು ಹೇಳಿ ಅವಲಕ್ಕಿ ಕಟ್ಟಿಕೊಟ್ಟಳು.

ಕಳೆದ ಮಾಘಮಾಸದಲ್ಲಿ, ಬತ್ತಿಹೋದ ಧರ್ಮಾಂಬುಧಿಯ ಮಗ್ಗುಲಿನ ರೈಲು ನಿಲ್ದಾಣದಿಂದ ನಿಜವಾದ ಅಂಬುಧಿಗೆ ಹೊರಟೆವು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ. ಅವೆಲ್ಲವನ್ನೂ ನಿದ್ದೆಯಲ್ಲಿ ದಾಟಿ ಬೆಳಗಿಗೆ ಉಡುಪಿಯಲ್ಲಿ ಇಳಿದೆವು. ಉಡುಗಳೆಂದರೆ ನಕ್ಷತ್ರಗಳು, ಅವುಗಳಿಗೆ ಪತಿಯಾದುದರಿಂದ ಚಂದ್ರನು ಉಡುಪ, ಅವನಿಂದ ಉಡುಪಿ ಎಂದು ಸ್ಥಳದವರು ಹೇಳುತ್ತಾರೆ. ಅಮರಸಿಂಹನ ಕೋಶದಲ್ಲಿ ಉಡುಪವೆಂದರೆ ತೆಪ್ಪವೂ ಆಗುತ್ತದೆ. ಕಡಲಿನ ಪಕ್ಕದ ಊರಿಗೆ ಎರಡನೆಯ ಅರ್ಥವೂ ಒಪ್ಪುತ್ತದೆಂದು ನಾವು ದಾರಿಯುದ್ದಕ್ಕೂ ವ್ಯಾಖ್ಯಾನ ಮಾಡಿದೆವು, ಮಿತ್ರರು ತಾಳಿಕೊಂಡರು.

ಮಲ್ಪೆಯಲ್ಲಿ ಮೊದಲು ವಡಭಾಂಡೇಶ್ವರದ ಬಲರಾಮನ ದರ್ಶನ ಮಾಡಿದೆವು. ಈ ಕಡಲತಡಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಒಂದು ಹಡಗನ್ನು ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಡಕ್ಕೆ ಕರೆತಂದರೆಂದೂ, ನಾವಿಕನು ಕೃತಜ್ಞತೆಯಿಂದ ಏನು ಬೇಕಾದರೂ ಕೊಡುವೆನೆಂದಾಗ ಅವರು ಗೋಪೀಚಂದನದ ಹೆಂಟೆಯನ್ನು ಮಾತ್ರ ಕೇಳಿದರೆಂದೂ, ಅದರೊಳಗೆ ಬಲರಾಮ ಕೃಷ್ಣರ ಮೂರ್ತಿಗಳು ದೊರೆತುವೆಂದೂ ಐತಿಹ್ಯ. ಕೃಷ್ಣನು ಉಡುಪಿಗೆ ಹೋದನು. ಅಣ್ಣನು ಕಡಲ ಬಳಿಯಲ್ಲಿಯೇ ನಿಂತನು. ಸಮುದ್ರಕ್ಕೆ ಹೆದರಿದ ನಮ್ಮ ತಾತನವರ ಇಷ್ಟದೈವವೇ ಸಮುದ್ರದ ಮೇಲೆ ಹಡಗಿನಲ್ಲಿ ಬಂದವನೆಂಬುದು ನಮಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಮಲ್ಪೆಯಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. 1498ರಲ್ಲಿ ಈ ಕಡೆಗೆ ಬಂದ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಮೇರಿಮಾತೆಯ ಹೆಸರನ್ನು ಇಟ್ಟುಹೋದನು. ಸ್ಥಳದವರು ಅವುಗಳಲ್ಲಿ ಜನರು ಹೆಚ್ಚಾಗಿ ಹೋಗುವ ದ್ವೀಪವನ್ನು ಅಲ್ಲಿಯ ಮರಗಳಿಂದಾಗಿ ತೆಂಗಿನ ದ್ವೀಪವೆನ್ನುತ್ತಾರೆ. ಮಳೆಗಾಲದಲ್ಲಿ ದೋಣಿಗಳಿಲ್ಲ. ನಾವು ಹೋದ ದಿನ ಕಡಲು ಹಾಸಿದ ಹಚ್ಚಡದಂತಿತ್ತು. ಅರ್ಧ ಗಂಟೆಯಲ್ಲಿ ದ್ವೀಪವು ಹತ್ತಿರವಾಯಿತು. ಯಾರೋ ಬಡಗಿಯು ಕಂಬಗಳನ್ನು ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿ ಕೆಲಸ ಬಿಟ್ಟು ಹೋದಂತೆ ಕಲ್ಲಿನ ಕಂಬಗಳು ನೀರಿನಿಂದ ಎದ್ದು ನಿಂತಿವೆ. ಬ್ಯಾಂಕಿನವರು ಬಾಗಿ ಮೂಲೆಗಳನ್ನು ಎಣಿಸತೊಡಗಿದರು. ಕೆಲವಕ್ಕೆ ಐದು, ಹೆಚ್ಚಿನವಕ್ಕೆ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು.

ಇದು ಶಿಲ್ಪಿಯ ಕೆಲಸವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ಪಡುವಣ ಅಂಚಿಗೆ ಅಂಟಿಕೊಂಡಿದ್ದು ಅದರಿಂದ ಬೇರೆಯಾಗುವ ಸಮಯದಲ್ಲಿ, ಭೂಮಿಯ ಒಳಗಿನಿಂದ ಲಾವಾರಸವು ಉಕ್ಕಿ ಬಂದಿತು. ಅದು ಆರುವಾಗ ಕುಗ್ಗಿತು. ಕುಗ್ಗುವಾಗ ಬಿರುಕು ಬಿಟ್ಟಿತು. ಬೇಸಗೆಯಲ್ಲಿ ಬತ್ತಿದ ಕೆರೆಯ ಕೆಸರು ಒಣಗಿ ಹೆಂಚು ಹೆಂಚಾಗಿ ಒಡೆಯುವುದನ್ನು ಎಲ್ಲರೂ ನೋಡಿದ್ದೇವಲ್ಲವೆ? ಅದೇ ನ್ಯಾಯ. ಕೆಸರಿನ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಇಲ್ಲಿ ಬಿರುಕು ಮೇಲಿನಿಂದ ಕೆಳಗಿನವರೆಗೆ ಇಳಿದು ಕಂಬಗಳಾಗಿವೆ. ಇದನ್ನು ಸರ್ಕಾರದ ಭೂವಿಜ್ಞಾನ ಇಲಾಖೆಯವರು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ. ಆಗ ಮುದ್ರಕರು, “ಹಾಗಾದರೆ ನಮ್ಮ ಲಾಲ್‌ಬಾಗಿನ ಬಂಡೆ?” ಎಂದರು. ನಿಜ, ಲಾಲ್‌ಬಾಗಿನ ಬಂಡೆಯೂ ಅಂತಹದೇ ಸ್ಮಾರಕ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ಈ ದ್ವೀಪವು ತೊಟ್ಟಿಲ ಕೂಸು. ಅಂತಹ ವೃದ್ಧಪಿತಾಮಹನ ಮೇಲೆ ಕುಳಿತು ದಿನವೂ ಕಡಲೆಕಾಯಿ ತಿನ್ನುತ್ತಿದ್ದ ನಾವು, ಇಲ್ಲಿಗೆ ಬಂದು ಮೊಮ್ಮಗುವನ್ನು ಕಂಡು ಬೆರಗಾದೆವು.

ಮುಂದಿನ ಎರಡು ದಿನಗಳನ್ನು ಬೇಗ ಹೇಳಿ ಮುಗಿಸುವುದು ಲೇಸು. ಬಸ್ಸಿನಲ್ಲಿ ಬಡಗಲಾಗಿ ಹೋದೆವು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರಿನಾಚೆ ನೇತ್ರಾಣಿ ದ್ವೀಪವು ಮಸುಕಾಗಿ ಕಂಡಿತು. ಅಲ್ಲಿಗೆ ಈಗ ನೀರಿನಲ್ಲಿ ಮುಳುಗಿ ಹವಳ, ಮೀನುಗಳನ್ನು ನೋಡುವ ತರುಣರು ಹೋಗುತ್ತಾರೆ. ಹೊನ್ನಾವರದ ಶರಾವತಿಯ ಅಳಿವೆಯಲ್ಲಿ ನಿಂತು, ಕೆಳದಿಯ ಅರಸರ ಕಾಲದ ಕೋಟೆಯನ್ನು ತಲೆಯ ಮೇಲೆ ಹೊತ್ತ ಬಸವರಾಜದುರ್ಗವನ್ನು ದೂರದಿಂದ ನೋಡಿದೆವು. ಪೋಸ್ಟ್‌ಮಾಸ್ಟರರಿಗೆ ಮೊಣಕಾಲಿನ ನೋವು ಹೆಚ್ಚಿದುದರಿಂದ ಒಂದು ದಿನ ತಂಗುಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಕಳೆದೆವು. ನಾಲ್ಕನೆಯ ದಿನ ಕಾರವಾರ.

ಕಾರವಾರದ ಕಡಲತಡಿಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದಿದ್ದು, ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಅಲ್ಲಿ ಬರೆದರು. ಆ ಅಣ್ಣನವರಾದರೋ 1862ರಲ್ಲಿಯೇ ಕಡಲು ದಾಟಿ ವಿಲಾಯಿತಿಗೆ ಹೋಗಿ, ಸಿವಿಲ್ ಸರ್ವಿಸಿಗೆ ಸೇರಿದ ಮೊದಲನೆಯ ಭಾರತೀಯರಾದವರು. ನಾವು ಅರವತ್ತರ ವಯಸ್ಸಿನಲ್ಲಿ ಮೂರು ಹರದಾರಿ ಕಡಲಿಗೆ ಇಷ್ಟೊಂದು ಸಿದ್ಧತೆ ಮಾಡಿದೆವಲ್ಲಾ ಎಂದು ನಾಚಿಕೆಯಾಯಿತು.

ಕಾರವಾರದ ಎದುರಿಗೆ ಕಡಲಿನಲ್ಲಿ ಆಮೆಯು ಮಲಗಿದಂತೆ ಕೂರ್ಮಗಡವಿದೆ. ಮೇಲೆ ನರಸಿಂಹನ ಗುಡಿ. ಪುಷ್ಯ ಹುಣ್ಣಿಮೆಗೆ ಜಾತ್ರೆ. ಅಲ್ಲಿಗೆ ಹೋಗಿ ದ್ವೀಪವನ್ನು ಒಂದು ಸುತ್ತು ಹಾಕಿ ಬರಲು ಒಂದು ಸಣ್ಣ ದೋಣಿಯನ್ನು ಗೊತ್ತುಮಾಡಿದೆವು. ತಾಂಡೇಲನು ನಮ್ಮ ವಯಸ್ಸಿನವನು. ಜೊತೆಗೆ ಅವನ ತಂಗಿಯ ಮಗ, ಹದಿನೆಂಟರ ಹುಡುಗ. ದೋಣಿಗೆ ಹಿಂದೆ ಕಟ್ಟುವ ಎಂಜಿನು, ಬಿಸಿಲಿಗೆಂದು ನಾಲ್ಕು ಬಿದಿರುಗಳ ಮೇಲೆ ನೀಲಿಯ ಟಾರ್ಪಾಲು. ಹತ್ತುವ ಮೊದಲು ತಾಂಡೇಲನು ಐದು ಲೈಫ್ ಜಾಕೆಟ್ಟುಗಳನ್ನು ತಂದು ಮರಳಿನ ಮೇಲೆ ಹಾಕಿ, “ಹಾಕಿಕೊಳ್ಳದೆ ನನ್ನ ದೋಣಿಗೆ ಕಾಲಿಡಬಾರದು” ಎಂದನು.

ಇಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರ ಮುಂದೆ ಮುಚ್ಚಿಡುವುದಿಲ್ಲ. ಐದರಲ್ಲಿ ಒಂದು ಜಾಕೆಟ್ಟಿನ ಪಟ್ಟಿಯ ಕೊಂಡಿ ಮುರಿದಿತ್ತು. ನಮ್ಮ ಕಣ್ಣಿಗೆ ಅದು ಮೊದಲು ಬಿತ್ತು. ಯಾರೂ ಗಮನಿಸುವುದಕ್ಕೆ ಮೊದಲೇ ನಾವು ಬಾಗಿ ಅದರ ಪಕ್ಕದಲ್ಲಿದ್ದ ಚೆನ್ನಾದುದನ್ನು ಎತ್ತಿಕೊಂಡೆವು. ವೈದ್ಯರು, ಮುದ್ರಕರು, ಬ್ಯಾಂಕಿನವರು ಒಂದೊಂದನ್ನು ಎತ್ತಿಕೊಂಡರು. ಮೊಣಕಾಲಿನ ನೋವಿನಿಂದ ನಿಧಾನವಾಗಿ ಬಂದ ಪೋಸ್ಟ್‌ಮಾಸ್ಟರರಿಗೆ ಮುರಿದದ್ದು ಉಳಿಯಿತು. ಅವರು ಏನೂ ಹೇಳದೆ ತಮ್ಮ ಟವಲನ್ನು ಹುರಿಮಾಡಿ ಜಾಕೆಟ್ಟಿನ ಮೇಲೆ ನಡುವಿಗೆ ಬಿಗಿದುಕೊಂಡರು. ನಮ್ಮೈವರಲ್ಲಿ ಈಜು ಬರುತ್ತಿದ್ದುದು ವೈದ್ಯರೊಬ್ಬರಿಗೇ.

ಹೋಗುವಾಗ ಎಲ್ಲವೂ ಸುಖವಾಗಿತ್ತು. ಕಾಳಿ ನದಿಯು ಕಡಲನ್ನು ಸೇರುವ ಕಡೆಯಲ್ಲಿ ಸದಾಶಿವಗಡದ ಗುಡ್ಡ. 2024ರ ಆಗಸ್ಟ್ 7ರ ನಡುರಾತ್ರಿಯ ಮೇಲೆ ಕುಸಿದುಬಿದ್ದ ಹಳೆಯ ಸೇತುವೆಯ ಕಥೆಯನ್ನು ತಾಂಡೇಲನು ಹೇಳಿದನು. ದ್ವೀಪದಲ್ಲಿ ಹತ್ತಿ ನರಸಿಂಹನಿಗೆ ಕೈಮುಗಿದು ಅವಲಕ್ಕಿಯನ್ನು ತಿಂದೆವು. ಇಳಿಯುವಾಗ ಬ್ಯಾಂಕಿನವರು, “ಈ ಜಾಕೆಟ್ಟು ಸೆಕೆ ಸೆಕೆ. ಹಿಂದಿರುಗುವಾಗ ಬೇಡವೇನಪ್ಪಾ?” ಎಂದು ಕೇಳಿದರು. ತಾಂಡೇಲನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಚಾಚಿ ದಡದ ಕಡೆಗಿನ ನೀರನ್ನು ತೋರಿಸಿದನು. 2019ರ ಜನವರಿ 21ರಂದು ಇದೇ ಜಾತ್ರೆಯನ್ನು ಮುಗಿಸಿ ಹಿಂದಿರುಗುತ್ತಿದ್ದ ಒಂದು ದೋಣಿಯು ಆ ನೀರಿನಲ್ಲಿ ಮಗುಚಿತು. ದೋಣಿಯಲ್ಲಿ ಹೊರಬಹುದಾದುದಕ್ಕಿಂತ ಹೆಚ್ಚು ಜನರಿದ್ದರು. 16 ಜನರು ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. “ದೇವರ ದರ್ಶನ ಮಾಡಿ ಬಂದವರೇ ಎಲ್ಲರೂ” ಎಂದಷ್ಟೇ ಹೇಳಿ ಅವನು ಎಂಜಿನಿನ ಕಡೆಗೆ ತಿರುಗಿದನು. ಬ್ಯಾಂಕಿನವರು ಜಾಕೆಟ್ಟಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದುಕೊಂಡರು.

ಆಗ ಮೂರು ಗಂಟೆಯ ಮೇಲಾಗಿತ್ತು. ಬೆಳಗಿನ ಹಚ್ಚಡವು ಈಗ ಸುಕ್ಕುಗಟ್ಟಿತ್ತು. ಅರ್ಧ ದಾರಿಗೆ ಬಂದಿರಬಹುದು. ಎಂಜಿನು ಒಮ್ಮೆ ಕೆಮ್ಮಿ ನಿಂತಿತು. ತೇಲಿಬಂದ ಬಲೆಯ ತುಂಡೊಂದು ಅದರ ಪಂಖಕ್ಕೆ ಸುತ್ತಿಕೊಂಡಿತ್ತು. ಹುಡುಗನು ಎಂಜಿನನ್ನು ಎತ್ತಿ ಬಲೆಯನ್ನು ಕೊಯ್ದು ಬಿಡಿಸಿದನು. ಆದರೆ ಪಂಖವನ್ನು ಹಿಡಿದಿರುವ ಸಣ್ಣ ಕೀಲು ಮುರಿದಿತ್ತು. ದೋಣಿಯ ಡಬ್ಬಿಯಲ್ಲಿ ಬದಲು ಕೀಲು ಇರಲಿಲ್ಲ. ಮೊಬೈಲಿನಲ್ಲಿ ದಡಕ್ಕೆ ಹೇಳಿದ್ದಾಯಿತು. ಬೇರೆ ದೋಣಿ ಬರಲು ಒಂದು ಗಂಟೆಯಾದರೂ ಬೇಕು. ಚಲನೆಯಿಲ್ಲದ ದೋಣಿಗೆ ಚುಕ್ಕಾಣಿಯು ಕೆಲಸ ಮಾಡುವುದಿಲ್ಲವೆಂಬುದನ್ನು ನಾವು ಆಗ ಕಲಿತೆವು. ಅದು ತಾನಾಗಿ ಅಲೆಗಳಿಗೆ ಅಡ್ಡವಾಗಿ ತಿರುಗಿ, ತೊಟ್ಟಿಲು ತೂಗಿದಂತೆ ಓಲಾಡತೊಡಗಿತು. ಒಂದೊಂದು ಓಲಿಗೂ ಅಂಚಿನಿಂದ ಒಂದು ಬೊಗಸೆ ನೀರು ಒಳಗೆ ಬರುತ್ತಿತ್ತು. ಮುದ್ರಕರು ವಾಂತಿ ಮಾಡಿಕೊಂಡರು. ವೈದ್ಯರು ಅವಲಕ್ಕಿಯ ಡಬ್ಬಿಯಿಂದ ನೀರನ್ನು ಎತ್ತಿ ಹೊರಗೆ ಚೆಲ್ಲತೊಡಗಿದರು.

ಪೋಸ್ಟ್‌ಮಾಸ್ಟರರು ನಮ್ಮ ಎದುರಿಗೆ ಕುಳಿತಿದ್ದರು. ಅವರ ಟವಲಿನ ಗಂಟು ಒದ್ದೆಯಾಗಿ ಸಡಿಲವಾಗುತ್ತಿತ್ತು. ಅವರು ಮತ್ತೆ ಮತ್ತೆ ಬಿಗಿದುಕೊಳ್ಳುತ್ತಿದ್ದರು. ನಮ್ಮ ಕೊಂಡಿಯು ಭದ್ರವಾಗಿತ್ತು. ಅದನ್ನು ಬಿಚ್ಚಿ, “ಇದನ್ನು ಹಾಕಿಕೊಳ್ಳಿ” ಎನ್ನಲು ಬೇಕಾದುದು ಒಂದು ನಿಮಿಷ. ಪರೋಪಕಾರದ ಸುಭಾಷಿತಗಳನ್ನು ಮೂವತ್ತು ವರ್ಷ ಹುಡುಗರಿಂದ ಕಂಠಪಾಠ ಮಾಡಿಸಿದವರು ನಾವು. ಅವೆಲ್ಲವೂ ಆಗ ನೆನಪಿಗೆ ಬಂದುವು, ಒಂದಕ್ಷರವೂ ತಪ್ಪಲಿಲ್ಲ. ಆದರೆ ಕೈ ಮಾತ್ರ ಕೊಂಡಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಅದು ಬಿಚ್ಚುವುದಕ್ಕೆ ಹೋಯಿತೋ, ಭದ್ರವಾಗಿದೆಯೇ ಎಂದು ನೋಡುವುದಕ್ಕೆ ಹೋಯಿತೋ, ಈಗಲೂ ನಮಗೆ ತಿಳಿಯದು.

ಅಷ್ಟರಲ್ಲಿ ತಾಂಡೇಲನು ಮುಖವೆತ್ತಿ ಗಾಳಿಯನ್ನು ನೋಡಿದನು. “ಗಾಳಿ ನಮ್ಮ ಕಡೆಗಿದೆ. ಅಪ್ಪನ ಕಾಲದಲ್ಲಿ ಎಂಜಿನು ಎಲ್ಲಿತ್ತು?” ಎಂದವನೇ ನೆರಳಿನ ಟಾರ್ಪಾಲನ್ನು ಬಿಚ್ಚಿದನು. ಎರಡು ಬಿದಿರನ್ನು ಜೋಡಿಸಿ ಕಟ್ಟಿ ಮುಂದಿನ ಹಲಗೆಗೆ ನಿಲ್ಲಿಸಿ, ಅದಕ್ಕೆ ಟಾರ್ಪಾಲಿನ ಒಂದು ಅಂಚನ್ನು ಬಿಗಿದನು. ಇನ್ನೊಂದು ಮೂಲೆಗೆ ಹಗ್ಗವನ್ನು ಕಟ್ಟಿ ಅದನ್ನು ನಮ್ಮ ಕೈಯಲ್ಲಿ ಕೊಟ್ಟು, “ಮಾಸ್ತರೇ, ಬಿಡಬೇಡಿ. ಹಾಗೆಂದು ಗಟ್ಟಿಯಾಗಿ ಎಳೆಯಲೂಬೇಡಿ. ಗಾಳಿ ಕೇಳಿದಷ್ಟು ಕೊಡಿ” ಎಂದು ಹೇಳಿ ತಾನು ಹುಟ್ಟನ್ನು ಚುಕ್ಕಾಣಿಯಾಗಿ ಹಿಡಿದು ಹಿಂದೆ ಕುಳಿತನು. ನೀಲಿಯ ಟಾರ್ಪಾಲು ಎರಡು ಸಲ ಪಟಪಟನೆ ಬಡಿದು, ಮೂರನೆಯ ಸಲ ಬಸುರಿಯ ಹೊಟ್ಟೆಯಂತೆ ತುಂಬಿ ನಿಂತಿತು. ದೋಣಿಯು ಮೆಲ್ಲನೆ ತಿರುಗಿ ಅಲೆಗಳಿಗೆ ಬೆನ್ನುಕೊಟ್ಟಿತು. ಓಲಾಟ ನಿಂತಿತು.

ಬೇಸಗೆಯ ದಿನಗಳಲ್ಲಿ ಕರಾವಳಿಯ ನೆಲವು ಹಗಲಿನಲ್ಲಿ ಕಾದು, ಮಧ್ಯಾಹ್ನದ ಮೇಲೆ ಕಡಲಿನ ತಂಪುಗಾಳಿಯನ್ನು ತನ್ನ ಕಡೆಗೆ ಸೆಳೆಯುತ್ತದೆ. ಇರುಳಿನಲ್ಲಿ ನೆಲವು ಆರಿ ಗಾಳಿಯು ನೆಲದಿಂದ ಕಡಲಿಗೆ ಬೀಸುತ್ತದೆ. ಹಿಂದಿನ ಬೆಸ್ತರು ನಸುಕಿನ ಗಾಳಿಯಲ್ಲಿ ಹಾಯಿ ಬಿಚ್ಚಿ ಹೋಗಿ, ಮಧ್ಯಾಹ್ನದ ಗಾಳಿಯಲ್ಲಿ ಮನೆಗೆ ಬರುತ್ತಿದ್ದರಂತೆ. ಈ ಮಧ್ಯಾಹ್ನದ ಗಾಳಿಯು ಬರುವುದು ವಾಯವ್ಯದಿಂದ. ವಾಯುವಿನ ದಿಕ್ಕು ವಾಯವ್ಯವೆಂದು ನಾವೂ ಹೇಳಿಕೊಟ್ಟವರೇ. ಬೆಂಗಳೂರಿನಲ್ಲಿ ಆ ಮಾತು ಮನೆಯ ನಕ್ಷೆ ಬರೆಯುವವರಿಗೆ ಮಾತ್ರ ಬೇಕಾದುದು. ಅಲ್ಲಿ ಕುಳಿತು, ಬೆನ್ನಿನ ಎಡಮಗ್ಗುಲಿಗೆ ಆ ಗಾಳಿ ತಾಕುತ್ತಿರಲಾಗಿ, ಆ ಹೆಸರನ್ನಿಟ್ಟವರು ಮನೆಯೊಳಗೆ ಕುಳಿತವರಾಗಿರಲಾರರೆಂದು ತೋರಿತು.

ಒಂದು ಗಂಟೆಯ ಮೇಲೆ ಹೆಚ್ಚೇ ಹಿಡಿಯಿತು. ಗಾಳಿ ಜೋರಾದಾಗ ಹಗ್ಗವನ್ನು ಸಡಿಲಿಸಿದೆವು; ಇಳಿದಾಗ ಸೆಳೆದೆವು. ಅಂಗೈಯ ಚರ್ಮ ಸುಲಿಯಿತು. ಗುಣವೆಂದರೆ ಹಗ್ಗವೆಂದು ನೂರು ಸಲ ಹೇಳಿದ್ದರೂ, ಅದರ ಒಂದು ತುದಿಯಲ್ಲಿ ಗಾಳಿಯೂ ಇನ್ನೊಂದು ತುದಿಯಲ್ಲಿ ಮನುಷ್ಯನೂ ಇರುತ್ತಾರೆಂಬುದು ತಿಳಿದಿರಲಿಲ್ಲ. ನಮ್ಮನ್ನು ಎಳೆದೊಯ್ಯಲು ಹೊರಟ ದೋಣಿಯು ಎದುರಿಗೆ ಬರುವಷ್ಟರಲ್ಲಿ ದಡವು ಕೂಗಿನಳತೆಯಲ್ಲಿತ್ತು.

ಆ ರಾತ್ರಿ ಊಟವಾದ ಮೇಲೆ ಪೋಸ್ಟ್‌ಮಾಸ್ಟರರನ್ನು ಕಡಲತಡಿಗೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಕುಳಿತು, ನಡೆದುದನ್ನು ನಡೆದಂತೆ ಹೇಳಿಬಿಟ್ಟೆವು. ಅವರು ಮೊಣಕಾಲನ್ನು ನೀವಿಕೊಳ್ಳುತ್ತಾ ಕೇಳಿದರು. “ಅಷ್ಟೇನಾ ಮೇಷ್ಟ್ರೇ? ನೀವು ಎತ್ತಿಕೊಂಡದ್ದು ಒದ್ದೆಯಾಗಿತ್ತು. ನನಗೆ ಮೊದಲೇ ಕೆಮ್ಮು. ಒಣಗಿದ್ದು ನನಗೆ ಸಿಕ್ಕಿತಲ್ಲಾ ಅಂತ ನಾನೇ ಸುಮ್ಮನಿದ್ದೆ” ಎಂದರು.

ನಮ್ಮ ಜಾಕೆಟ್ಟು ಒದ್ದೆಯಾಗಿದ್ದಿತೇ? ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ನಿಜವಾಗಿದ್ದರೂ ಇರಬಹುದು. ಅಥವಾ, ಮುವ್ವತ್ತೆಂಟು ವರ್ಷ ಅಂಚೆಯ ಮನೆಯಲ್ಲಿ ಕೆಟ್ಟ ಸುದ್ದಿಯ ಕಾಗದಗಳನ್ನೂ ಒಳ್ಳೆಯ ಸುದ್ದಿಯ ಕಾಗದಗಳನ್ನೂ ಒಂದೇ ಮುಖದಿಂದ ಜನರಿಗೆ ಕೊಟ್ಟ ಆ ಮನುಷ್ಯರು, ನಮ್ಮ ಕಾಗದವನ್ನೂ ಹಾಗೆಯೇ ಮಡಿಸಿ ನಮಗೆ ಕೊಟ್ಟಿರಬಹುದು. ಮತ್ತೊಮ್ಮೆ ಕೇಳುವ ಧೈರ್ಯ ನಮಗಾಗಲಿಲ್ಲ.

ಈ ಲೇಖನವನ್ನು ಓದಿ ಯಾರಾದರೂ ಹೊರಡುವುದಾದರೆ ಅವರಿಗೆ ಮೂರು ಮಾತು. ಮಳೆಗಾಲ ಕಳೆದ ಮೇಲೆ ಹೋಗಿ. ದ್ವೀಪದಿಂದ ಮಧ್ಯಾಹ್ನದ ಗಾಳಿ ಏಳುವ ಮುಂಚೆ ಹೊರಟುಬಿಡಿ. ದೋಣಿಯ ಬಾಡಿಗೆಯನ್ನು ಕೇಳುವುದಕ್ಕೆ ಮೊದಲು ಜಾಕೆಟ್ಟುಗಳನ್ನು ತರಿಸಿ, ತಲೆಗೊಂದರಂತೆ ಎಣಿಸಿ, ಒಂದೊಂದರ ಕೊಂಡಿಯನ್ನೂ ಕೈಯಿಂದ ಎಳೆದು ನೋಡಿ. ಒಂದು ಮುರಿದಿದ್ದರೂ ಅದನ್ನು ಎಲ್ಲರೆದುರಿಗೆ ಎತ್ತಿ ತೋರಿಸಿ ಬೇರೆಯದನ್ನು ಕೇಳಿ. ಈ ಕಡೆಯ ಮಾತು ದೋಣಿಯವನಿಗಾಗಿ ಅಲ್ಲ, ನಮ್ಮಂಥವರಿಗಾಗಿ.

ಈ ಮಾಘಕ್ಕೆ ನಮ್ಮ ಐವರೂ ಮತ್ತೆ ಹೊರಡುವುದೆಂದು ಕಲ್ಲುಬೆಂಚಿನ ಮೇಲೆ ನಿಶ್ಚಯವಾಗಿದೆ. ನಮ್ಮ ಮನೆಯಾಕೆಗೆ ಎಲ್ಲವನ್ನೂ ಹೇಳಿದ್ದೇವೆ. ಅವಳು ಅದಕ್ಕೆ ಏನನ್ನೂ ಹೇಳಲಿಲ್ಲ. ಮರುದಿನ ಗಾಂಧಿಬಜಾರಿನಿಂದ ನಾಲ್ಕು ಮೊಳ ಗಟ್ಟಿಯಾದ ಲಾಡಿಯನ್ನು ತಂದು, ಸುತ್ತಿ, ಬೆನ್ನುಚೀಲದ ಮುಂದಿನ ಜೇಬಿನಲ್ಲಿ ಇಟ್ಟಿದ್ದಾಳೆ. ಆ ಜೇಬು ಯಾವುದೆಂಬುದನ್ನು ಮಾತ್ರ ನಾವು ಮರೆಯುವುದಿಲ್ಲ.